ಚಿಕ್ಕ ಹಡಗಿನಲ್ಲಿ ಗ್ಯಾಲಪಗೋಸ್‌ನ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಈಕ್ವೆಡಾರ್ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1,000 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದಲ್ಲಿರುವ ಗ್ಯಾಲಪಗೋಸ್ ದ್ವೀಪಗಳಿಗೆ ಹಡಗಿನಲ್ಲಿ ಹೊರಡುವವರು ಕೇಳುವ ಪ್ರಶ್ನೆಗಳಿವು. ಇಡೀ ಪ್ರವಾಸವನ್ನು ವಿವರಿಸುವ ಬದಲು ಒಂದೇ ದಿನವನ್ನು ಹಿಡಿದಿದ್ದೇನೆ: ಬೆಳಿಗ್ಗೆ ಫರ್ನಾಂಡಿನಾ ದ್ವೀಪದ ಪುಂಟಾ ಎಸ್ಪಿನೋಸಾ, ಮಧ್ಯಾಹ್ನದ ಮೇಲೆ ಇಸಾಬೆಲಾ ದ್ವೀಪದ ಟಾಗಸ್ ಕೋವ್. ಉಳಿದ ದಿನಗಳ ಅಚ್ಚೂ ಬಹುಮಟ್ಟಿಗೆ ಇದೇ. ಆದರೆ ನೆಲ ಇನ್ನೂ ತಯಾರಾಗುತ್ತಲೇ ಇರುವುದನ್ನು ಕಾಣಬೇಕಿದ್ದರೆ ಈ ದಿನವನ್ನು ಬಿಡಬಾರದು.

ಹದಿಮೂರು ದೊಡ್ಡ ದ್ವೀಪಗಳಿರುವಾಗ ಈ ಎರಡೇ ಏಕೆ?

ವಯಸ್ಸಿನ ಕಾರಣಕ್ಕೆ. ಈ ದ್ವೀಪಸಮೂಹದ ಅಡಿಯಲ್ಲಿ ಭೂಮಿಯ ಆಳದಿಂದ ಬಿಸಿ ಶಿಲಾದ್ರವ್ಯ ಮೇಲೇರುವ ತಾಣವೊಂದಿದೆ. ಅದು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಅದರ ಮೇಲಿನ ನಾಜ್ಕಾ ಭೂಫಲಕ ಮಾತ್ರ ವರ್ಷಕ್ಕೆ ಐದಾರು ಸೆಂಟಿಮೀಟರಿನಂತೆ ಪೂರ್ವಕ್ಕೆ ಸರಿಯುತ್ತಿದೆ. ಹುಟ್ಟಿದ ದ್ವೀಪ ಹೀಗೆ ತನ್ನ ಒಲೆಯಿಂದ ದೂರ ಸರಿಯುತ್ತ, ತಣ್ಣಗಾಗುತ್ತ, ಸವೆಯುತ್ತ ಹೋಗಿ ಕೊನೆಗೊಮ್ಮೆ ಕಡಲಿಗಿಳಿಯುತ್ತದೆ. ಪೂರ್ವದ ಎಸ್ಪಾನ್ಯೊಲಾ ಮೂವತ್ತು ಲಕ್ಷ ವರ್ಷಕ್ಕೂ ಹಳೆಯದು, ತಗ್ಗು, ಶಾಂತ. ಪಶ್ಚಿಮದ ಫರ್ನಾಂಡಿನಾ ಮತ್ತು ಇಸಾಬೆಲಾ ಹತ್ತು ಲಕ್ಷ ವರ್ಷವನ್ನೂ ಮುಟ್ಟಿಲ್ಲ. ಅವುಗಳ ಒಲೆ ಇನ್ನೂ ಉರಿಯುತ್ತಿದೆ.

ಫರ್ನಾಂಡಿನಾ ಇಡಿಯಾಗಿ ಒಂದೇ ಜ್ವಾಲಾಮುಖಿ, ಹೆಸರು ಲಾ ಕುಂಬ್ರೆ. ಇಸಾಬೆಲಾದಲ್ಲಿ ಆರು ಜ್ವಾಲಾಮುಖಿಗಳು ಒಂದಕ್ಕೊಂದು ಬೆಸೆದುಕೊಂಡಿವೆ: ಈಕ್ವೆಡಾರ್, ವುಲ್ಫ್, ಡಾರ್ವಿನ್, ಅಲ್ಸೆಡೊ, ಸಿಯೆರಾ ನೆಗ್ರಾ, ಸೆರೊ ಅಸುಲ್. ಇವುಗಳಲ್ಲಿ 1,700 ಮೀಟರ್ ದಾಟಿದ ವುಲ್ಫ್ ಇಡೀ ಸಮೂಹದ ಎತ್ತರದ ತುದಿ. ಎರಡೂ ದ್ವೀಪಗಳ ನಡುವಿನ ಬೊಲಿವಾರ್ ಜಲಸಂಧಿ ಕಿರಿದು. ಅದರಿಂದಾಗಿ ಒಂದೇ ದಿನದಲ್ಲಿ ಎರಡೂ ಕಡೆ ಕಾಲಿಡಬಹುದು.

ದಿನ ಹೇಗೆ ಸಾಗುತ್ತದೆ?

ಬೇಗ ಆರಂಭವಾಗುತ್ತದೆ. ರಾತ್ರಿಯಿಡೀ ಹಡಗು ಚಲಿಸಿರುತ್ತದೆ. ನಸುಕಿನಲ್ಲಿ ಲಂಗರಿನ ಸರಪಳಿ ಇಳಿಯುವ ಸದ್ದೇ ಅಲಾರಂ. ಆರು, ಆರೂವರೆಗೆ ತಿಂಡಿ. ಏಳೂವರೆಯ ಹೊತ್ತಿಗೆ ಪಂಗಾ ಎಂದು ಇಲ್ಲಿನವರು ಕರೆಯುವ ಗಾಳಿ ತುಂಬಿದ ಮೋಟಾರು ದೋಣಿಯಲ್ಲಿ ದಡಕ್ಕೆ. ಸುಮಾರು ಎರಡು ಗಂಟೆ ಲಾವಾ ನೆಲದ ಮೇಲೆ ನಿಧಾನದ ನಡಿಗೆ. ಹತ್ತು ಗಂಟೆಗೆ ಬಂಡೆ ಕಾಯತೊಡಗುವಷ್ಟರಲ್ಲಿ ಹಡಗಿಗೆ ಮರಳಿ, ವೆಟ್‌ಸೂಟ್ ತೊಟ್ಟು ಅದೇ ದಡದ ನೀರಿಗೆ ಇಳಿಯುವುದು. ನಂತರ ಊಟ. ಊಟದ ಹೊತ್ತಿನಲ್ಲಿ ಹಡಗು ಜಲಸಂಧಿಯನ್ನು ದಾಟುತ್ತದೆ.

ಹೆಚ್ಚಿನವರು ಆಗ ಕೋಣೆಗೆ ಹೋಗಿ ಮಲಗುತ್ತಾರೆ. ನನ್ನ ಸಲಹೆ ಮೇಲಿನ ಅಟ್ಟಕ್ಕೆ ಹೋಗಿ ಎಂಬುದು. ಈ ಜಲಸಂಧಿ ತಿಮಿಂಗಿಲ ಮತ್ತು ಡಾಲ್ಫಿನ್‌ಗಳಿಗೆ ಹೆಸರಾದದ್ದು, ಮತ್ತು ಅವು ಕಾರ್ಯಕ್ರಮಪಟ್ಟಿಯಲ್ಲಿ ಇರುವುದಿಲ್ಲ. ನಿದ್ದೆಯನ್ನು ಮನೆಗೆ ಹೋಗಿ ತೀರಿಸಿಕೊಳ್ಳಬಹುದು.

ಮಧ್ಯಾಹ್ನದ ಮೇಲೆ ಟಾಗಸ್ ಕೋವ್‌ನಲ್ಲಿ ಬಂಡೆಗೋಡೆಯ ಅಂಚಿಗೆ ದೋಣಿ ಸುತ್ತಾಟ, ಬಿಸಿಲು ಇಳಿದ ಮೇಲೆ ಕುಳಿಯ ಅಂಚಿನವರೆಗೆ ಏರು ನಡಿಗೆ. ಸಂಜೆ ಆರಕ್ಕೆ ಎಲ್ಲರೂ ಹಡಗಿನಲ್ಲಿ ಇರಬೇಕು. ರಾಷ್ಟ್ರೀಯ ಉದ್ಯಾನದ ನೆಲದಲ್ಲಿ ಕತ್ತಲಾದ ಮೇಲೆ ಉಳಿಯುವಂತಿಲ್ಲ. ರಾತ್ರಿಯ ಊಟಕ್ಕೆ ಮೊದಲು ಗೈಡ್ ಮರುದಿನದ ವಿವರ ಹೇಳುತ್ತಾರೆ. ಒಂಬತ್ತರ ಹೊತ್ತಿಗೆ ಹಡಗು ಸ್ತಬ್ಧ. ಕುಣಿತ, ಜೂಜು, ಈಜುಕೊಳ ಬೇಕಿದ್ದವರು ಬೇರೆ ಬಗೆಯ ಹಡಗನ್ನು, ಬೇರೆ ಕಡಲನ್ನು ನೋಡಿಕೊಳ್ಳುವುದು ಒಳ್ಳೆಯದು.

ಚಿಕ್ಕ ಹಡಗು ಎಂದರೆ ಎಷ್ಟು ಚಿಕ್ಕದು?

ಇಲ್ಲಿ ನೂರು ಪ್ರಯಾಣಿಕರನ್ನು ಮೀರಿದ ಪ್ರವಾಸಿ ಹಡಗಿಗೆ ಅವಕಾಶವಿಲ್ಲ. ಬಹುಪಾಲು ಹಡಗುಗಳು ಹದಿನಾರು ಜನರವು. ಒಬ್ಬ ಗೈಡ್‌ಗೆ ಹದಿನಾರು ಜನ ಎಂಬ ಉದ್ಯಾನದ ಮಿತಿಯೇ ಆ ಸಂಖ್ಯೆಗೆ ಕಾರಣ. ನೂರು ಜನರ ಹಡಗು ಅಲೆಗೆ ಕಡಿಮೆ ಓಲಾಡುತ್ತದೆ, ವೈದ್ಯರೂ ಇರುತ್ತಾರೆ. ಆದರೆ ಎಲ್ಲರನ್ನೂ ತಂಡ ತಂಡವಾಗಿ ಇಳಿಸಿ ಹತ್ತಿಸುವುದರಲ್ಲೇ ಬೆಳಗಿನ ಒಳ್ಳೆಯ ಬೆಳಕು ಕಳೆದುಹೋಗಬಹುದು. ಹದಿನಾರರ ಹಡಗಿನಲ್ಲಿ ಎರಡು ದೋಣಿಗಳಲ್ಲಿ ಎಲ್ಲರೂ ಒಮ್ಮೆಗೇ ದಡದಲ್ಲಿರುತ್ತಾರೆ. ಜೊತೆಯವರ ಸ್ವಭಾವ ಒಗ್ಗದಿದ್ದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ ಎಂಬುದೂ ನಿಜ.

ಊರಿನಲ್ಲಿ ತಂಗಿ, ದಿನದ ದೋಣಿಯಲ್ಲಿ ಹೋಗಿಬರಲಾಗದೇ?

ಫರ್ನಾಂಡಿನಾಕ್ಕೆ ಆಗದು, ಅಲ್ಲಿಗೆ ರಾತ್ರಿ ತಂಗುವ ಹಡಗುಗಳೇ ಬೇಕು. ಸಾಂತಾ ಕ್ರೂಸ್ ದ್ವೀಪದ ಪುಯೆರ್ತೊ ಅಯೊರಾದಲ್ಲಿ ಉಳಿದುಕೊಂಡು ಬಾರ್ತೊಲೊಮೆ, ಉತ್ತರ ಸೆಮೂರ್, ಸಾಂತಾ ಫೆ ಮುಂತಾದ ಹತ್ತಿರದ ದ್ವೀಪಗಳಿಗೆ ದಿನದ ದೋಣಿಗಳಲ್ಲಿ ಹೋಗಬಹುದು. ಖರ್ಚು ಕಡಿಮೆ, ಸಂಜೆ ಊರಿನಲ್ಲಿ ತಿರುಗಾಡಬಹುದು. ಬಾರ್ತೊಲೊಮೆಯ 114 ಮೀಟರ್ ಎತ್ತರದ ಶಿಖರವನ್ನು ಮರದ ಮೆಟ್ಟಿಲುಗಳಲ್ಲಿ ಏರಿದರೆ ಕಾಣುವ ನೋಟ ಯಾವ ಹಡಗು ಪ್ರವಾಸಕ್ಕೂ ಕಡಿಮೆಯಲ್ಲ. ಎದುರಿನ ಸಾಂತಿಯಾಗೊ ದ್ವೀಪದ ಸಲಿವನ್ ಕೊಲ್ಲಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹರಿದ ಲಾವಾ ಇನ್ನೂ ನಿನ್ನೆ ಹೆಪ್ಪುಗಟ್ಟಿದ ಹಾಗಿದೆ. ಆದರೆ ದಿನದ ದೋಣಿ ನಿಮ್ಮನ್ನು ದ್ವೀಪಕ್ಕೆ ತಲುಪಿಸುವಷ್ಟರಲ್ಲಿ ಹೊತ್ತು ಏರಿರುತ್ತದೆ, ಪ್ರಾಣಿಗಳು ನೆರಳು ಹಿಡಿದಿರುತ್ತವೆ. ಹಡಗಿನಲ್ಲಿ ಮಲಗುವುದಕ್ಕೆ ಕೊಡುವ ಹಣದ ಅರ್ಧ ಭಾಗ ಆ ಬೆಳಗಿನ ಎರಡು ಗಂಟೆಗಳಿಗೆ ಎಂದೇ ತಿಳಿಯಿರಿ.

ಒದ್ದೆ ಇಳಿತ, ಒಣ ಇಳಿತ ಎಂದರೇನು?

ದೋಣಿಯಿಂದ ನೇರವಾಗಿ ಬಂಡೆಗೋ ಕಟ್ಟೆಗೋ ಕಾಲಿಟ್ಟರೆ ಒಣ ಇಳಿತ. ಮೊಣಕಾಲುದ್ದ ನೀರಿಗೆ ಧುಮುಕಿ ಮರಳ ದಂಡೆಗೆ ನಡೆದರೆ ಒದ್ದೆ ಇಳಿತ. ಪುಂಟಾ ಎಸ್ಪಿನೋಸಾದ್ದು ಒಣ ಇಳಿತ, ಹೆಸರಿಗೆ ಮಾತ್ರ. 1970ರ ದಶಕದ ನಡುವಿನಲ್ಲಿ ಇಲ್ಲಿಯ ನೆಲವೇ ಮೇಲೆದ್ದು ಇಳಿದಾಣ ನೀರಿನಿಂದ ದೂರವಾಯಿತು. ಕಡಲಿನ ನೀರು ಇಳಿದ ಹೊತ್ತಿನಲ್ಲಿ ಪಾಚಿ ಕಟ್ಟಿದ ಬಂಡೆಗಳ ಮೇಲೆ ಹೆಜ್ಜೆ ಹಾಕಬೇಕಾಗುತ್ತದೆ. ದೋಣಿಯಿಂದ ಇಳಿಯುವಾಗ ನಾವಿಕನ ಅಂಗೈ ಹಿಡಿಯಬೇಡಿ, ಮುಂಗೈ ಹಿಡಿಯಿರಿ. ಅವನೂ ನಿಮ್ಮ ಮುಂಗೈ ಹಿಡಿಯುತ್ತಾನೆ. ಒದ್ದೆ ಅಂಗೈ ಜಾರುತ್ತದೆ.

ಲಾವಾ ಮೇಲೆ ನಡೆಯುವುದು ಕಷ್ಟವೇ?

ದೂರ ಕಡಿಮೆ, ಆದರೆ ನೆಲ ಸುಲಭದ್ದಲ್ಲ. ಎರಡು ಬಗೆಯ ಲಾವಾ ಸಿಗುತ್ತದೆ. ಪಹೊಯ್‌ಹೊಯ್ ಎಂಬುದು ನಯವಾಗಿ ಹರಿದು, ಹಗ್ಗದ ಸುರುಳಿಯ ಹಾಗೆ ಮಡಿಕೆ ಬಿದ್ದು ಗಟ್ಟಿಯಾದದ್ದು. ಅದರ ಮೇಲೆ ಆರಾಮವಾಗಿ ನಡೆಯಬಹುದು, ಅಲ್ಲಲ್ಲಿನ ಬಿರುಕು ನೋಡಿಕೊಂಡರಾಯಿತು. ಅ-ಆ ಎಂಬುದು ಚೂರು ಚೂರಾಗಿ ಉರುಳಿ ಬಂದದ್ದು, ಬ್ಲೇಡಿನಂತೆ ಚೂಪು. ಬಿದ್ದರೆ ಕೈ ಕೊಯ್ದುಕೊಳ್ಳುವುದು ಖಂಡಿತ. ಹವಾಯಿಯಿಂದ ಬಂದ ಈ ಎರಡು ಹೆಸರುಗಳನ್ನು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುತ್ತಾರೆ, ನಿಮ್ಮ ಗೈಡ್ ಕೂಡ.

ಚಪ್ಪಲಿ ಬೇಡ, ಹಿಡಿತವಿರುವ, ಬೆರಳು ಮುಚ್ಚುವ ಶೂ ಬೇಕು. ನೆರಳು ಎಂಬುದು ಇಲ್ಲವೇ ಇಲ್ಲ. ಕಪ್ಪು ಬಂಡೆ ಕೆಳಗಿನಿಂದಲೂ ಕಾಯಿಸುತ್ತದೆ. ಅಗಲ ಅಂಚಿನ, ಕತ್ತಿಗೆ ದಾರವಿರುವ ಟೋಪಿ, ಉದ್ದ ತೋಳಿನ ಅಂಗಿ, ಒಂದು ಲೀಟರ್ ನೀರು ಇದ್ದರೆ ಸಾಕು. ಬಿರುಕುಗಳ ನಡುವೆ ಬೆರಳುದ್ದದ ಕಳ್ಳಿಗಳು ಗುಂಪಾಗಿ ಎದ್ದಿರುವುದನ್ನು ಗಮನಿಸಿ: ಹೊಸ ಹರಿವಿನ ಮೇಲೆ ಮೊದಲು ಬೇರೂರುವ ಗಿಡಗಳಲ್ಲಿ ಈ ಲಾವಾ ಕಳ್ಳಿಯೂ ಒಂದು. ಹೊಸ ಕುಡಿ ಹಳದಿ, ಹಳೆಯದು ಬೂದು.

ನಾವು ಅಲ್ಲಿರುವಾಗ ಜ್ವಾಲಾಮುಖಿ ಸಿಡಿದರೆ?

ಅದೃಷ್ಟ ಎನ್ನುವವರೇ ಹೆಚ್ಚು. ಇವು ಗುರಾಣಿ ಜ್ವಾಲಾಮುಖಿಗಳು. ತೆಳು ಲಾವಾ ಬಿರುಕುಗಳಿಂದ ಉಕ್ಕಿ ಇಳಿಜಾರಿನಲ್ಲಿ ಹರಿಯುತ್ತದೆ, ಬೆಟ್ಟವೇ ಹಾರಿಹೋಗುವ ಬಗೆಯ ಸ್ಫೋಟ ಇಲ್ಲಿ ವಿರಳ. ಲಾ ಕುಂಬ್ರೆ 2009, 2017, 2018, 2020ರಲ್ಲಿ ಉಕ್ಕಿತು. 2024ರ ಮಾರ್ಚ್ 2ರ ರಾತ್ರಿ ಮತ್ತೆ ಆರಂಭವಾದದ್ದು ವಾರಗಟ್ಟಲೆ ನಡೆಯಿತು. ಇಸಾಬೆಲಾದಲ್ಲಿ ಸಿಯೆರಾ ನೆಗ್ರಾ 2018ರಲ್ಲಿ, ವುಲ್ಫ್ 2015 ಮತ್ತು 2022ರಲ್ಲಿ. ಅಂಥ ಹೊತ್ತಿನಲ್ಲಿ ಉದ್ಯಾನದವರು ಆ ಭಾಗವನ್ನು ಮುಚ್ಚುತ್ತಾರೆ; ಹಡಗು ದೂರದಿಂದ ನೋಡಿ ಮುಂದೆ ಸಾಗುತ್ತದೆ.

ಉಕ್ಕುವುದಕ್ಕಿಂತ ಕುಸಿಯುವುದು ದೊಡ್ಡ ಘಟನೆಯಾದದ್ದೂ ಉಂಟು. 1968ರ ಜೂನ್‌ನಲ್ಲಿ ಫರ್ನಾಂಡಿನಾದ ನೆತ್ತಿಯ ಕ್ಯಾಲ್ಡೆರಾ, ಎಂದರೆ ಬರಿದಾದ ಶಿಲಾದ್ರವ್ಯದ ಕೋಣೆಯ ಮೇಲೆ ನೆಲ ಕುಸಿದು ಆದ ಮಹಾಕುಳಿ, ತನ್ನ ತಳವನ್ನು ಇನ್ನೂ 300 ಮೀಟರಿಗೂ ಹೆಚ್ಚು ಕೆಳಕ್ಕೆ ಇಳಿಸಿತು. 1954ರಲ್ಲಿ ಇಸಾಬೆಲಾದ ಉರ್ಬಿನಾ ಕೊಲ್ಲಿಯಲ್ಲಿ ಇದಕ್ಕೆ ತಿರುವುಮುರುವು: ಕಡಲ ತಳ ಐದು ಮೀಟರಿನಷ್ಟು ಮೇಲೆದ್ದು ಹವಳ ಒಣನೆಲದಲ್ಲಿ ಉಳಿಯಿತು. ಆ ಹವಳದ ಗಡ್ಡೆಗಳ ನಡುವೆ ಈಗ ಕಾಲುದಾರಿಯಿದೆ.

ಹಳೆಯ ಸಾಕ್ಷಿಗಳಲ್ಲಿ ಬೆಂಜಮಿನ್ ಮಾರೆಲ್ ಎಂಬ ಅಮೆರಿಕದ ಕಪ್ತಾನನದು ಸ್ವಾರಸ್ಯದ್ದು. 1825ರ ಫೆಬ್ರವರಿಯಲ್ಲಿ ಇದೇ ನೀರಿನಲ್ಲಿ ಅವನ ಹಡಗು ಗಾಳಿಯಿಲ್ಲದೆ ನಿಂತಿದ್ದಾಗ ಫರ್ನಾಂಡಿನಾ ಸಿಡಿಯಿತು. ಹಲಗೆಗಳ ಸಂದಿನ ಡಾಂಬರು ಕರಗತೊಡಗಿತು ಎಂದು ಬರೆದಿದ್ದಾನೆ. ಮಾರೆಲ್ ಉತ್ಪ್ರೇಕ್ಷೆಗೆ ಹೆಸರಾದವನು. ಆದರೂ ಸ್ಫೋಟವಂತೂ ಸುಳ್ಳಲ್ಲ.

ಪ್ರಾಣಿಗಳು ಮನುಷ್ಯರನ್ನು ಕಂಡು ಓಡುವುದಿಲ್ಲ ಎನ್ನುತ್ತಾರೆ. ನಿಜವೇ?

ನಿಜ, ಮತ್ತು ಮೊದಲ ದಿನ ಇದು ಸ್ವಲ್ಪ ಮುಜುಗರವನ್ನೇ ತರುತ್ತದೆ. ಕಾಲುದಾರಿಯ ನಡುವೆ ಕಡಲಸಿಂಹ ಮಲಗಿದ್ದರೆ ನೀವೇ ಸುತ್ತು ಹಾಕಿ ಹೋಗಬೇಕು. ಇಗುವಾನಾ ಎಂಬ ದೊಡ್ಡ ಹಲ್ಲಿಗಳನ್ನು ತುಳಿಯದಿರಲು ನೆಲ ನೋಡುತ್ತಲೇ ನಡೆಯಬೇಕು, ಏಕೆಂದರೆ ಅವು ಬಂಡೆಯದೇ ಬಣ್ಣ.

ಈ ದ್ವೀಪಗಳು ಯಾವ ಭೂಖಂಡಕ್ಕೂ ಸೇರಿರಲಿಲ್ಲ. ಕಡಲ ನಡುವೆ ಹುಟ್ಟಿದ ನೆಲಕ್ಕೆ ಜೀವಿಗಳು ತೇಲಿ ಅಥವಾ ಹಾರಿ ಬರಬೇಕಾಯಿತು. ಬೆಕ್ಕು, ನರಿ, ತೋಳದ ಜಾತಿಯವು ಬರಲಾಗಲಿಲ್ಲ. ನೆಲದ ಮೇಲೆ ದೊಡ್ಡ ಬೇಟೆಗಾರ ಎಂದರೆ ಗ್ಯಾಲಪಗೋಸ್ ಗಿಡುಗ ಒಂದೇ. ಓಡುವುದನ್ನು ಕಲಿಸುವವರು ಯಾರೂ ಇರಲಿಲ್ಲ. 1835ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಗಲ್ ಹಡಗಿನಲ್ಲಿ ಬಂದ ಡಾರ್ವಿನ್ ಕೊಂಬೆಯ ಮೇಲೆ ಕುಳಿತಿದ್ದ ಗಿಡುಗವನ್ನು ಬಂದೂಕಿನ ತುದಿಯಿಂದ ತಳ್ಳಿದ. ಕಡಲ ಇಗುವಾನಾವೊಂದನ್ನು ಹಿಡಿದು ಮತ್ತೆ ಮತ್ತೆ ನೀರಿಗೆಸೆದ. ಅದು ಪ್ರತಿ ಸಲವೂ ನೇರವಾಗಿ ಅವನಿದ್ದ ಕಡೆಗೇ ಈಜಿ ಬಂತು. ಅದಕ್ಕೆ ಶತ್ರು ಎಂದರೆ ನೀರಿನ ಶಾರ್ಕ್, ದಡ ಎಂದರೆ ಸುರಕ್ಷೆ. ದಡದಲ್ಲಿ ನಿಂತವನು ಎಸೆಯುವವನು ಎಂಬುದು ಅದರ ಲೆಕ್ಕಕ್ಕೇ ಸಿಗಲಿಲ್ಲ. ಈಗ ಹಾಗೆ ಮಾಡಿದರೆ ಡಾರ್ವಿನ್‌ನನ್ನೂ ಗೈಡ್ ಹಡಗಿಗೆ ವಾಪಸು ಕಳುಹಿಸುತ್ತಾರೆ.

ಕಡಲ ಇಗುವಾನಾಗಳು ನಮ್ಮ ಮೇಲೆ ಉಗುಳುತ್ತವೆಯೇ?

ಸೀನುತ್ತವೆ, ನಿಮ್ಮ ಮೇಲೇ ಎಂದಲ್ಲ. ಕಡಲಲ್ಲಿ ಮೇಯುವ ಹಲ್ಲಿ ಜಾತಿ ಜಗತ್ತಿನಲ್ಲಿ ಇದೊಂದೇ. ಪಾಚಿಯ ಜೊತೆ ನುಂಗಿದ ಉಪ್ಪನ್ನು ಮೂಗಿನ ಬಳಿಯ ಗ್ರಂಥಿಗಳು ಸೋಸಿ ತೆಗೆಯುತ್ತವೆ. ಅದು ಚಿಮ್ಮಿ ಬಿದ್ದು ತಲೆಯ ಮೇಲೆ ಬಿಳಿ ಟೋಪಿಯಾಗಿ ಒಣಗುತ್ತದೆ. ಆಳಕ್ಕೆ ಮುಳುಗುವವು ಮುಖ್ಯವಾಗಿ ದೊಡ್ಡ ಗಂಡುಗಳು. ಉಳಿದವು ಕಡಲಿನ ನೀರು ಇಳಿದಾಗ ತೆರೆದುಕೊಂಡ ಬಂಡೆಗಳ ಮೇಲೇ ಮೇಯುತ್ತವೆ. ತಣ್ಣೀರಿನಿಂದ ಬಂದದ್ದು ಮೈ ಕಾಯಿಸಿಕೊಳ್ಳಬೇಕು, ಇಲ್ಲವಾದರೆ ತಿಂದದ್ದು ಅರಗದು. ಬೆಳಿಗ್ಗೆ ಒಂದರ ಮೇಲೊಂದು ಹೇರಿಕೊಂಡು ಎಲ್ಲವೂ ಸೂರ್ಯನತ್ತ ಮುಖ ಮಾಡಿ ಬಿದ್ದಿರುವ ಗುಂಪುಗಳು ಪುಂಟಾ ಎಸ್ಪಿನೋಸಾದಷ್ಟು ದೊಡ್ಡವು ಬೇರೆಡೆ ಕಾಣುವುದು ಕಷ್ಟ.

ಎಲ್ ನೀನೊ ವರ್ಷಗಳಲ್ಲಿ ನೀರು ಬಿಸಿಯಾಗಿ ಪಾಚಿ ಸತ್ತಾಗ ಈ ಪ್ರಾಣಿ ಸೊರಗುವುದಷ್ಟೇ ಅಲ್ಲ, ಉದ್ದದಲ್ಲೇ ಕುಗ್ಗುತ್ತದೆ: ಇಪ್ಪತ್ತು ಪ್ರತಿಶತದವರೆಗೆ. ಮೇವು ಮರಳಿದಾಗ ಮತ್ತೆ ಬೆಳೆಯುತ್ತದೆ. ಬೆನ್ನೆಲುಬಿರುವ ಪ್ರೌಢ ಪ್ರಾಣಿಯೊಂದು ಹೀಗೆ ಮಾಡಬಲ್ಲದು ಎಂದು ಯಾರೂ ಊಹಿಸಿರಲಿಲ್ಲ.

ಸಮಭಾಜಕ ವೃತ್ತದ ಮೇಲೆ ಪೆಂಗ್ವಿನ್ ಹೇಗೆ?

ನೀರು ತಣ್ಣಗಿರುವುದರಿಂದ. ದಕ್ಷಿಣದಿಂದ ಹಂಬೋಲ್ಟ್ ಪ್ರವಾಹ ತಂಪು ತರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕ್ರಾಮ್‌ವೆಲ್ ಒಳಪ್ರವಾಹ: ಪೆಸಿಫಿಕ್‌ನ ಆಳದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿದು ಬಂದು ಫರ್ನಾಂಡಿನಾ ಮತ್ತು ಇಸಾಬೆಲಾಗಳ ಬುಡಕ್ಕೆ ಬಡಿದು ಮೇಲಕ್ಕೇಳುತ್ತದೆ. ಜೊತೆಗೆ ತಳದ ಪೋಷಕಾಂಶವೂ ಬರುತ್ತದೆ. ಪ್ಲವಕ ಎಂಬ ತೇಲುವ ಸೂಕ್ಷ್ಮಜೀವಿಗಳು, ಸಣ್ಣ ಮೀನು, ಪೆಂಗ್ವಿನ್, ತಿಮಿಂಗಿಲ ಎಲ್ಲವೂ ಅದರ ಹಿಂದೆ. ಈ ದಿನದ ಪ್ರಾಣಿಗಳೆಲ್ಲ ಇಷ್ಟೊಂದು ಇಕ್ಕಟ್ಟಿನಲ್ಲಿ ಸಿಗುವುದಕ್ಕೆ ಜ್ವಾಲಾಮುಖಿ ಅಡ್ಡ ನಿಂತು ಆ ಪ್ರವಾಹವನ್ನು ಮೇಲೆತ್ತುವುದೇ ಕಾರಣ. ಬೆಂಕಿಯ ಬೆಟ್ಟ ತಣ್ಣೀರನ್ನು ಒದಗಿಸುತ್ತಿದೆ ಎನ್ನಬಹುದು.

ಗ್ಯಾಲಪಗೋಸ್ ಪೆಂಗ್ವಿನ್ ಅರ್ಧ ಮೀಟರಿನಷ್ಟೇ ಎತ್ತರ. ನಿಸರ್ಗದಲ್ಲಿ ಸಮಭಾಜಕದ ಉತ್ತರಕ್ಕೂ ಬದುಕುವ ಪೆಂಗ್ವಿನ್ ಇದೊಂದೇ. ಇಸಾಬೆಲಾದ ಉತ್ತರ ತುದಿಯ ಮೂಲಕ ಆ ವೃತ್ತ ಹಾಯುತ್ತದೆ. ಪ್ರವಾಹ ಕೈಕೊಟ್ಟರೆ ಇದರ ಗತಿ ಕೆಟ್ಟದು. 1982-83ರ ಎಲ್ ನೀನೊದಲ್ಲಿ ನಾಲ್ಕರಲ್ಲಿ ಮೂರು ಪಾಲು ಪೆಂಗ್ವಿನ್‌ಗಳು ಇಲ್ಲವಾದವು.

ಹಾರಲಾರದ ನೀರುಕಾಗೆಯನ್ನು ನೋಡಲು ಅಷ್ಟು ದೂರ ಹೋಗಬೇಕೇ?

ಹೋಗಲೇಬೇಕು, ಏಕೆಂದರೆ ಅದು ಈ ಎರಡು ದ್ವೀಪಗಳ ಕರಾವಳಿ ಬಿಟ್ಟು ಬೇರೆಲ್ಲೂ ಇಲ್ಲ. ಬೇಟೆಗಾರನಿಲ್ಲದ ದಡ, ಕಾಲಬುಡದಲ್ಲೇ ಮೀನು. ರೆಕ್ಕೆಯ ಕೆಲಸ ಮುಗಿಯಿತು. ಉಳಿದದ್ದು ಹಾರಲು ಬೇಕಾದದ್ದರ ಮೂರನೆಯ ಒಂದು ಭಾಗದಷ್ಟು ಸಣ್ಣ, ಕೆದರಿದ ರೆಕ್ಕೆ. ಆದರೂ ನೀರಿನಿಂದ ಬಂದ ಹಕ್ಕಿ ಅದನ್ನು ಅಗಲಿಸಿ ಬಿಸಿಲಿಗೆ ಹಿಡಿಯುತ್ತದೆ, ಅದರ ಹಾರುವ ಬಂಧುಗಳೆಲ್ಲ ಮಾಡುವಂತೆಯೇ. ಗೂಡಿಗೆ ಬರುವಾಗ ಗಂಡು ಕಡಲಕಳೆಯ ಎಳೆಯನ್ನೋ ನಕ್ಷತ್ರಮೀನನ್ನೋ ಕಾಣಿಕೆಯಾಗಿ ತರುತ್ತದೆ. ಮೀನು ಹೇರಳವಾಗಿದ್ದರೆ ಹೆಣ್ಣು ಮರಿಯನ್ನು ಗಂಡಿಗೆ ಬಿಟ್ಟು ಇನ್ನೊಂದು ಸಂಸಾರ ಹೂಡಲು ಹೊರಟುಹೋಗುತ್ತದೆ. ನನ್ನ ಮಟ್ಟಿಗೆ ಇಡೀ ದಿನದ ಅತ್ಯಂತ ಕುತೂಹಲದ ಜೀವಿ ಇದು. ಬಹುತೇಕರು ಇದಕ್ಕೆ ಎರಡು ನಿಮಿಷ ಕೊಟ್ಟು ಕಡಲಸಿಂಹದ ಮರಿಯ ಕಡೆ ಓಡುತ್ತಾರೆ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್ ಕೊನೆಯಿಂದ ಮೇವರೆಗೆ ಬಿಸಿ, ಆಗಾಗ ಜೋರು ಮಳೆ, ಶಾಂತ ಕಡಲು, ಬೆಚ್ಚಗಿನ ನೀರು. ಜೂನ್‌ನಿಂದ ನವೆಂಬರ್‌ವರೆಗೆ ತಂಪು, ಗರುವಾ ಎಂಬ ತುಂತುರು ಮಂಜು, ಒರಟು ಕಡಲು. ಆಗಸ್ಟ್, ಸೆಪ್ಟೆಂಬರ್ ಹೆಚ್ಚು ಒರಟು. ಪಶ್ಚಿಮದ ದಿನಕ್ಕಾಗಿಯೇ ಹೋಗುವುದಾದರೆ ನಾನು ತಂಪು ಕಾಲವನ್ನೇ ಹೇಳುತ್ತೇನೆ: ಮೇಲೇರುವ ತಣ್ಣೀರು ಆಗ ಪ್ರಬಲ, ಕಡಲ ಜೀವಿಗಳು ಚುರುಕು. ಅಲೆ ಆಗದವರು ಏಪ್ರಿಲ್, ಮೇ ನೋಡಲಿ. ಎಸ್ಪಾನ್ಯೊಲಾದ ಆಲ್ಬಟ್ರಾಸ್ ಹಕ್ಕಿಗಳನ್ನೂ ನೋಡುವ ಆಸೆಯಿದ್ದರೆ ಜನವರಿಯಿಂದ ಮಾರ್ಚ್‌ವರೆಗೆ ಹೋಗಬೇಡಿ, ಅವು ಆಗ ಕಡಲ ಮೇಲಿರುತ್ತವೆ.

ಈಜು ಬಾರದವರು ಏನು ಮಾಡಬೇಕು? ಶಾರ್ಕ್ ಇರುತ್ತದೆಯೇ?

ಲೈಫ್ ಜಾಕೆಟ್ ತೊಟ್ಟು ಸ್ನಾರ್ಕಲಿಂಗ್, ಎಂದರೆ ಉಸಿರುಕೊಳವೆ ಕಚ್ಚಿ ತೇಲುತ್ತ ನೀರೊಳಗೆ ನೋಡುವುದು, ಮಾಡಬಹುದು, ಆದರೆ ಮೊದಲ ಪ್ರಯತ್ನ ಪಶ್ಚಿಮದಲ್ಲಿ ಬೇಡ. ಇಲ್ಲಿ ಅಲೆಯ ಸೆಳೆತವಿದೆ, ಪ್ಲವಕದಿಂದಾಗಿ ನೀರು ಹಸಿರಾಗಿ ಮಬ್ಬಾಗಿರುತ್ತದೆ, ತಂಪು ಕಾಲದಲ್ಲಿ 18-20 ಡಿಗ್ರಿಗೆ ಇಳಿಯುತ್ತದೆ. ಪ್ರವಾಸದ ಆರಂಭದ ದಿನಗಳಲ್ಲಿ ಶಾಂತ ಮರಳುದಂಡೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ. ಆಗದಿದ್ದರೆ ದೋಣಿಯಲ್ಲೇ ಕುಳಿತು ಹೋಗಿ. ಕಡಲಾಮೆಗಳು ಉಸಿರಿಗೆ ಮೇಲೆ ಬರುವುದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಶಾರ್ಕ್ ಇರುತ್ತದೆ. ಹೆಚ್ಚಾಗಿ ಕಾಣುವ ಬಿಳಿತುದಿಯ ಶಾರ್ಕ್ ಹಗಲೆಲ್ಲ ಬಂಡೆಯ ಕೆಳಗೆ ಮಲಗಿರುತ್ತದೆ, ನಿಮ್ಮ ಗೊಡವೆಗೆ ಬರುವುದಿಲ್ಲ. ಹುಷಾರಾಗಿರಬೇಕಾದದ್ದು ದಡದ ಹತ್ತಿರ ಬೊಗಳುತ್ತ ಗಸ್ತು ತಿರುಗುವ ದೊಡ್ಡ ಗಂಡು ಕಡಲಸಿಂಹದಿಂದ. ಆ ನೀರು ತನ್ನದೆಂದು ಅದು ತಿಳಿದಿದೆ. ವಾದಿಸದೆ ಪಕ್ಕಕ್ಕೆ ಸರಿಯಿರಿ.

ವಾಂತಿಯ ಭಯ. ಏನಾದರೂ ದಾರಿಯಿದೆಯೇ?

ಪಶ್ಚಿಮದ ಮಾರ್ಗದಲ್ಲಿ ರಾತ್ರಿಯ ಪಯಣ ಉದ್ದ, ತೆರೆದ ಕಡಲಿನಲ್ಲಿ. ಕೆಳಗಿನ ಅಂತಸ್ತಿನ, ಹಡಗಿನ ನಡುಭಾಗದ ಕೋಣೆ ಕಡಿಮೆ ಓಲಾಡುತ್ತದೆ; ಅದೃಷ್ಟವಶಾತ್ ಅದೇ ಅಗ್ಗದ್ದೂ ಹೌದು. ಎರಡು ತಳದ ಕಟಮರಾನ್ ಹಡಗು ಪಕ್ಕಕ್ಕೆ ಕಡಿಮೆ ಹೊರಳುತ್ತದೆ. ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸಿದ ಮೇಲೆ ಪ್ರಯೋಜನವಿಲ್ಲ. ಯಾವ ಮಾತ್ರೆ ಎಂಬುದನ್ನು ನಿಮ್ಮ ವೈದ್ಯರು ಹೇಳಲಿ. ಹಡಗು ಚಲಿಸುವಾಗ ಮೊಬೈಲ್ ಓದಬೇಡಿ.

ದೈತ್ಯ ಆಮೆಗಳು ಈ ದಿನದಲ್ಲಿ ಸಿಗುವುದಿಲ್ಲವೇ?

ಪುಂಟಾ ಎಸ್ಪಿನೋಸಾ, ಟಾಗಸ್ ಕೋವ್ ಎರಡರಲ್ಲೂ ಇಲ್ಲ. ಅವುಗಳನ್ನು ಸಾಂತಾ ಕ್ರೂಸ್‌ನ ಎತ್ತರದ ಹಸಿರು ಭಾಗದಲ್ಲಿ ನೋಡಿ. ಉರ್ಬಿನಾ ಕೊಲ್ಲಿ ನಿಮ್ಮ ಮಾರ್ಗದಲ್ಲಿದ್ದರೆ ಅಲ್ಲೂ ಸಿಗಬಹುದು.

ಫರ್ನಾಂಡಿನಾಕ್ಕೆ ಮಾತ್ರ ಆಮೆಯ ಬೇರೆಯೇ ಕಥೆಯಿದೆ. ಅಲ್ಲಿಯ ಆಮೆ ಜಾತಿಯ ಒಂದೇ ಒಂದು ಪ್ರಾಣಿ 1906ರಲ್ಲಿ ಸಿಕ್ಕಿತ್ತು. ಆಮೇಲೆ ಅಳಿದುಹೋಗಿದೆ ಎಂದೇ ಎಣಿಸಿದ್ದರು. 2019ರಲ್ಲಿ ಲಾವಾ ಹರಿವುಗಳ ನಡುವೆ ಉಳಿದ ಹಸಿರಿನ ತುಣುಕಿನಲ್ಲಿ ಮುದಿ ಹೆಣ್ಣಾಮೆಯೊಂದು ಸಿಕ್ಕಿತು. 1906ರ ಮಾದರಿಯದೇ ಜಾತಿ ಎಂದು 2021ರಲ್ಲಿ ವಂಶವಾಹಿ ಪರೀಕ್ಷೆ ಖಚಿತಪಡಿಸಿತು. ಫರ್ನಾಂಡಾ ಎಂದು ಹೆಸರಿಟ್ಟು ಸಾಂತಾ ಕ್ರೂಸ್‌ನ ಕೇಂದ್ರದಲ್ಲಿ ಸಾಕುತ್ತಿದ್ದಾರೆ. ಪಿಂಟಾ ದ್ವೀಪದ ಕೊನೆಯ ಆಮೆ ‘ಒಂಟಿ ಜಾರ್ಜ್’ 2012ರ ಜೂನ್ 24ರಂದು ಜೋಡಿ ಸಿಗದೆ ಸತ್ತಿತ್ತು. ಹಾಗಾಗಿಯೇ ಫರ್ನಾಂಡಾಳಿಗೆ ಜೋಡಿ ಹುಡುಕಲು ಜನ ಆ ಬೆಟ್ಟವನ್ನು ಮತ್ತೆ ಮತ್ತೆ ಏರಿದ್ದಾರೆ.

ಟಾಗಸ್ ಕೋವ್‌ನ ಬಂಡೆಗಳ ಮೇಲೆ ಹೆಸರು ಬರೆದಿದ್ದಾರಲ್ಲ, ಅದಕ್ಕೆ ಅವಕಾಶವಿದೆಯೇ?

ಈಗ ಇಲ್ಲ. ಅವು ಬಂದು ಹೋದ ಹಡಗುಗಳ ಹೆಸರುಗಳು. ಹತ್ತೊಂಬತ್ತನೆಯ ಶತಮಾನದ ತಿಮಿಂಗಿಲ ಬೇಟೆಗಾರರ ಕಾಲದಿಂದ ಮೊನ್ನೆಮೊನ್ನೆಯ ವಿಹಾರನೌಕೆಗಳವರೆಗೆ ಇವೆ. ಹಳೆಯದರಲ್ಲಿ 1836 ಎಂದು ಕೆತ್ತಿದ್ದೂ ಇದೆ. ಹಳೆಯ ಬರಹ ಚರಿತ್ರೆ, ಹೊಸ ಬರಹ ಅಪರಾಧ ಎಂಬ ಗೆರೆಯನ್ನು ಎಲ್ಲಿ ಎಳೆಯುವುದು ಎಂದು ಗೈಡ್‌ಗಳನ್ನು ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಆ ಬೇಟೆಗಾರರು ಆಮೆಗಳನ್ನು ಜೀವಂತ ಹಡಗಿಗೆ ತುಂಬಿಕೊಂಡು ಹೋಗುತ್ತಿದ್ದರು. ಮೇವು ನೀರಿಲ್ಲದೆ ತಿಂಗಳುಗಟ್ಟಲೆ ಬದುಕುವ ತಾಜಾ ಮಾಂಸ ಅವರಿಗೆ ಬೇರೆಲ್ಲಿ ಸಿಗಬೇಕು?

ಬರಹ ದಾಟಿ ಮೇಲೇರಿದರೆ ಡಾರ್ವಿನ್ ಸರೋವರ ಎಂಬ ಉಪ್ಪುನೀರಿನ ಕುಳಿ ಕಾಣುತ್ತದೆ. ಡಾರ್ವಿನ್ ಈ ಕರಾವಳಿಯಲ್ಲಿ ಇಳಿದಾಗ ಹೀಗೆಯೇ ಒಂದು ಕುಳಿಯ ತಳದ ನೀರಿಗೆ ಬಾಯಾರಿ ಓಡಿ, ಬಾಯಿಗಿಟ್ಟು ಮೋಸಹೋದ.

ಕ್ಯಾಮೆರಾ, ಡ್ರೋನ್?

ಕ್ಯಾಮೆರಾ ಸರಿ, ಫ್ಲ್ಯಾಷ್ ಬೇಡ. ಪ್ರವಾಸಿಗರಿಗೆ ಡ್ರೋನ್ ನಿಷಿದ್ಧ. ಪ್ರಾಣಿಯಿಂದ ಎರಡು ಮೀಟರ್ ದೂರ ಕಡ್ಡಾಯ, ಹಾಗಾಗಿ ದೊಡ್ಡ ಲೆನ್ಸ್ ಹೊರುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಹಡಗಿನ ದರದ ಹೊರತಾಗಿ ಏನೇನು ಕೊಡಬೇಕು?

ಈಕ್ವೆಡಾರ್‌ನ ಹಣ ಅಮೆರಿಕದ ಡಾಲರ್. 2024ರ ಆಗಸ್ಟ್ 1ರಿಂದ ವಿದೇಶಿ ವಯಸ್ಕರಿಗೆ ಉದ್ಯಾನದ ಪ್ರವೇಶ ಶುಲ್ಕ 200 ಡಾಲರ್. ಅದಕ್ಕೆ ಮೊದಲು ಬಹುಕಾಲ 100 ಇತ್ತು. ಹನ್ನೆರಡಕ್ಕಿಂತ ಕಿರಿಯರಿಗೆ ಅರ್ಧ. ಕೀಟೊ ಅಥವಾ ಗ್ವಾಯಾಕಿಲ್ ವಿಮಾನ ನಿಲ್ದಾಣದಲ್ಲಿ ಪಡೆಯುವ ಪ್ರಯಾಣ ನಿಯಂತ್ರಣ ಚೀಟಿಗೆ 20 ಡಾಲರ್. ನಗದು ಇಟ್ಟುಕೊಳ್ಳಿ, ಹರಿದ ನೋಟು ಬೇಡ. ಗಡಿಯಾರವನ್ನು ಭೂಖಂಡದ ಸಮಯಕ್ಕಿಂತ ಒಂದು ಗಂಟೆ ಹಿಂದಕ್ಕೆ ತಿರುಗಿಸಿ.

ಇಷ್ಟು ಜನ ಹೋಗುವುದರಿಂದಲೇ ದ್ವೀಪಗಳಿಗೆ ಹಾನಿಯಲ್ಲವೇ?

ಹಾನಿ ಇದ್ದೇ ಇದೆ. ಅದನ್ನು ಕಟ್ಟಿಹಾಕುವ ನಿಯಮಗಳೂ ಇವೆ. ದ್ವೀಪಗಳ ನೆಲದ 97 ಪ್ರತಿಶತ 1959ರಿಂದ ರಾಷ್ಟ್ರೀಯ ಉದ್ಯಾನ. 1978ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮೊದಲ ಪಟ್ಟಿಗೆ ಸೇರಿತು, 1998ರಲ್ಲಿ ಸುತ್ತಲಿನ ಕಡಲೂ ರಕ್ಷಿತವಾಯಿತು. 2007ರಲ್ಲಿ ಯುನೆಸ್ಕೊ ಇದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಹಾಕಿತು, 2010ರಲ್ಲಿ ತೆಗೆಯಿತು. ಆ ಮೂರು ವರ್ಷ ನೆನಪಿನಲ್ಲಿಡತಕ್ಕದ್ದು. ಗೈಡ್ ಇಲ್ಲದೆ ಯಾವ ಹಡಗೂ ಜನರನ್ನು ಇಳಿಸುವಂತಿಲ್ಲ. ಒಂದು ಹಡಗು ಹದಿನಾಲ್ಕು ದಿನಗಳೊಳಗೆ ಅದೇ ತಾಣಕ್ಕೆ ಮರಳುವಂತಿಲ್ಲ. ಯಾವ ದಿನ ಯಾರು ಎಲ್ಲಿ ಎಂಬುದನ್ನು ಉದ್ಯಾನವೇ ಗೊತ್ತುಮಾಡುತ್ತದೆ. ಕಪ್ತಾನನನ್ನು ಪುಸಲಾಯಿಸಿ ಪ್ರಯೋಜನವಿಲ್ಲ.

ನಿಜವಾದ ಭಯ ಕಾಲುದಾರಿಯ ಮೇಲಿನ ಹೆಜ್ಜೆಗಿಂತ ಶೂ ತಳದ ಬೀಜದ್ದು. ಮನುಷ್ಯರು ತಂದುಬಿಟ್ಟ ಆಡುಗಳು ಸಾಂತಿಯಾಗೊ ಮತ್ತು ಉತ್ತರ ಇಸಾಬೆಲಾದ ಹಸಿರನ್ನೆಲ್ಲ ಬೋಳಿಸಿ ಆಮೆಗಳನ್ನು ಉಪವಾಸ ಕೆಡವಿದವು. ಅವುಗಳನ್ನು ನಿರ್ಮೂಲ ಮಾಡಲು 1997ರಿಂದ 2006ರವರೆಗೆ ಹೆಲಿಕಾಪ್ಟರ್‌ಗಳಿಂದ ಬೇಟೆಯಾಡಬೇಕಾಯಿತು. ಫರ್ನಾಂಡಿನಾದಲ್ಲಿ ಹೊರಗಿನ ಸಸ್ತನಿ ಒಂದೂ ಇನ್ನೂ ನೆಲೆಯೂರಿಲ್ಲ. ಇಷ್ಟು ದೊಡ್ಡ ದ್ವೀಪ ಹಾಗೆ ಉಳಿದಿರುವುದು ಅಪರೂಪ, ಒಂದು ಬಸುರಿ ಇಲಿ ಸಾಕು ಅದನ್ನು ಕೆಡಿಸಲು. ವಿಮಾನ ನಿಲ್ದಾಣದಲ್ಲಿ ಹಣ್ಣು, ಬೀಜ, ಗಿಡ ಹುಡುಕಿ ಚೀಲ ತೆರೆಸುವಾಗ, ದಡಕ್ಕೆ ಹೋಗಿಬಂದಾಗಲೆಲ್ಲ ಶೂ ತೊಳೆಸುವಾಗ ಗೊಣಗಬೇಡಿ.

ವಯಸ್ಸಾದವರು, ಮಕ್ಕಳು ಹೋಗಬಹುದೇ?

ಓಲಾಡುವ ದೋಣಿಗೆ ಇಳಿದು ಹತ್ತಬಲ್ಲವರು ಯಾರೂ ಹೋಗಬಹುದು. ಅಲ್ಲೇ ಪರೀಕ್ಷೆ, ನಡಿಗೆಯಲ್ಲಲ್ಲ. ಮೊಣಕಾಲು ನೋವಿನವರು ಟಾಗಸ್ ಕೋವ್‌ನ ಏರು ಬಿಟ್ಟು ದೋಣಿ ಸುತ್ತಾಟ ಮಾತ್ರ ಇಟ್ಟುಕೊಂಡರೆ ಪೆಂಗ್ವಿನ್, ನೀರುಕಾಗೆ ಎರಡೂ ಸಿಗುತ್ತವೆ. ಮಕ್ಕಳಿಗೆ ಹಡಗುಗಳು ವಯಸ್ಸಿನ ಮಿತಿ ಇಟ್ಟಿರುತ್ತವೆ, ಮೊದಲೇ ಕೇಳಿ. ಕೈ ಚಾಚದೆ ಎರಡು ಗಂಟೆ ಇರಬಲ್ಲ ಮಗುವಾದರೆ ಸರಿ.

ನೆನಪಿಗೆ ಒಂದು ಚೂರು ಲಾವಾ ತರಬಹುದೇ?

ಇಲ್ಲ. ಮರಳು, ಚಿಪ್ಪು, ಎಲುಬು, ಗರಿ ಕೂಡ ಇಲ್ಲ. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ಪರೀಕ್ಷಿಸುತ್ತಾರೆ.